ನಾರ್ವೆಯ ಡಿಎನ್‌ಟಿ ಕ್ಯಾಬಿನ್‌ಗಳು: ಬೀಗದ ಕೈ ಕೊಡುತ್ತಾರೆ, ಮಾತು ಮಾತ್ರ ನಾವೇ ಶುರು ಮಾಡಬೇಕು

ಮೊದಲೇ ರೇಟಿಂಗ್ ಹೇಳಿಬಿಡುತ್ತೇನೆ. ನಾರ್ವೆಯ ಡಿಎನ್‌ಟಿ ಸಂಘದ ಬೆಟ್ಟದ ಕ್ಯಾಬಿನ್‌ಗಳಿಗೆ 5ಕ್ಕೆ 4.5. ಅದರಲ್ಲಿ ಅನುಮಾನವೇ ಇಲ್ಲ. ಆದರೆ ಆ ಕ್ಯಾಬಿನ್‌ಗಳನ್ನು ಕಟ್ಟಿ ನಡೆಸುತ್ತಿರುವ ಸಮಾಜಕ್ಕೆ ಎಷ್ಟು ಕೊಡಬೇಕು ಅಂತ ಇನ್ನೂ ತೀರ್ಮಾನ ಮಾಡೋಕೆ ಆಗಿಲ್ಲ. ಕೆಲವು ದಿನ ಐದಕ್ಕೆ ಐದು ಅನ್ನಿಸುತ್ತದೆ, ಕೆಲವು ದಿನ ಮೂರೂ ಜಾಸ್ತಿಯಾಯಿತು ಅನ್ನಿಸುತ್ತದೆ. ಓಸ್ಲೋಗೆ ಕೆಲಸಕ್ಕೆ ಬಂದು ಕೆಲವು ವರ್ಷಗಳಾದವು. ನಾರ್ವೆ ಹೇಗಿದೆ, ಜನ ಹೇಗೆ ಅಂತ ಕೇಳುವವರಿಗೆ ನಾನು ಈಗ ಈ ಕ್ಯಾಬಿನ್‌ಗಳ ಬಗ್ಗೆಯೇ ಹೇಳುವುದು. ಈ ದೇಶದಲ್ಲಿ ನನಗೆ ತುಂಬ ಹಿಡಿಸಿದ್ದು, ತುಂಬ ನೋವು ಕೊಟ್ಟಿದ್ದು ಎರಡೂ ಅಲ್ಲಿ ಒಂದೇ ಸೂರಿನಡಿ ಸಿಗುತ್ತವೆ. ಹಾಗಾಗಿ ರಿವ್ಯೂ ಸ್ವಲ್ಪ ಉದ್ದವಾಗಿದೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಡಿಎನ್‌ಟಿ ಅಂದರೆ ನಾರ್ವೆಯ ಚಾರಣ ಸಂಘ. 1868ರಲ್ಲಿ ಶುರುವಾಯಿತು, ಶುರು ಮಾಡಿದವರಲ್ಲಿ ಮುಖ್ಯವಾದವರು ತೊಮಾಸ್ ಹೆಫ್ತ್ಯೆ ಎಂಬ ಬ್ಯಾಂಕರ್. ಅದೇ ವರ್ಷ ರ್ಯೂಕಾನ್ ಜಲಪಾತದ ಹತ್ತಿರ ಕ್ರೋಕಾನ್ ಎಂಬಲ್ಲಿ ಸಂಘದ ಮೊದಲ ಮನೆ ಬಂತು. ಇವತ್ತು ದೇಶದ ತುಂಬ 500ಕ್ಕೂ ಹೆಚ್ಚು ಕ್ಯಾಬಿನ್‌ಗಳಿವೆ, 3 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಇಡೀ ನಾರ್ವೆಯ ಜನಸಂಖ್ಯೆಯೇ 55 ಲಕ್ಷದ ಆಸುಪಾಸು, ನೀವೇ ಲೆಕ್ಕ ಹಾಕಿಕೊಳ್ಳಿ. ಬೇಸಿಗೆಯಲ್ಲಿ ನಡೆಯೋಕೆ ಗುರುತು ಹಾಕಿರುವ ದಾರಿ 20 ಸಾವಿರ ಕಿಲೋಮೀಟರಿಗೂ ಹೆಚ್ಚು. ಬಂಡೆಗಳ ಮೇಲೆ, ಪೇರಿಸಿಟ್ಟ ಕಲ್ಲುಗಳ ಮೇಲೆ ಕೆಂಪು ಬಣ್ಣದಲ್ಲಿ 'ಟಿ' ಅಂತ ಬರೆದಿರುತ್ತಾರೆ. ಮಂಜು ಮುಚ್ಚಿಕೊಂಡು ಹತ್ತು ಹೆಜ್ಜೆ ಮುಂದೆ ಏನೂ ಕಾಣದಿದ್ದಾಗ ಆ ಕೆಂಪು ಅಕ್ಷರ ಕಂಡರೆ ಎಷ್ಟು ಸಮಾಧಾನ ಆಗುತ್ತದೆ ಅಂತ ಹೋದವರಿಗೇ ಗೊತ್ತು. ಅದನ್ನು ಬರೆಯುವವರಲ್ಲಿ ಬಹಳಷ್ಟು ಜನ ಸಂಬಳಕ್ಕೆ ಬರುವವರಲ್ಲ. ರಜೆಯಲ್ಲಿ ಬಣ್ಣದ ಡಬ್ಬಿ, ಬ್ರಷ್ ಹಿಡಿದು ಬೆಟ್ಟ ಹತ್ತುವ ಸದಸ್ಯರು.

ಕ್ಯಾಬಿನ್‌ಗಳಲ್ಲಿ ಮೂರು ಬಗೆ. ಸಿಬ್ಬಂದಿ ಇದ್ದು ಊಟ ತಿಂಡಿ ಕೊಡುವ ದೊಡ್ಡವು ಒಂದು ಬಗೆ. ಸಿಬ್ಬಂದಿ ಇಲ್ಲ, ಆದರೆ ಉಗ್ರಾಣದ ತುಂಬ ದಿನಸಿ ಇಟ್ಟಿರುತ್ತಾರೆ, ಅದು ಎರಡನೆಯದು. ಮೂರನೆಯದರಲ್ಲಿ ಹಾಸಿಗೆ, ಒಲೆ, ಸೌದೆ, ಪಾತ್ರೆ ಅಷ್ಟೇ, ಊಟದ ಸಾಮಾನು ನಾವೇ ಹೊತ್ತುಕೊಂಡು ಹೋಗಬೇಕು. ಮೂರರಲ್ಲೂ ಉಳಿದಿದ್ದೇನೆ. ನಾನು ಹೆಚ್ಚು ಹೇಳಬೇಕಿರುವುದು ಎರಡನೆಯ ಬಗೆಯ ಬಗ್ಗೆ, ಯಾಕೆಂದರೆ ಅಂಥದ್ದೊಂದು ನಡೆಯುತ್ತದೆ ಅಂತ ಕಣ್ಣಾರೆ ನೋಡುವವರೆಗೂ ನನಗೆ ನಂಬಿಕೆ ಬಂದಿರಲಿಲ್ಲ.

ನೀವು ಸದಸ್ಯರಾಗಿದ್ದರೆ ಡೆಪಾಸಿಟ್ ಇಟ್ಟು ಒಂದು ಕೀ ತೆಗೆದುಕೊಳ್ಳಬಹುದು. ಅದೊಂದೇ ಕೀ ದೇಶದ ಆ ತುದಿಯಿಂದ ಈ ತುದಿಯವರೆಗೆ, ಬೀಗ ಹಾಕಿರುವ ಬಹುಪಾಲು ಡಿಎನ್‌ಟಿ ಕ್ಯಾಬಿನ್‌ಗಳನ್ನು ತೆರೆಯುತ್ತದೆ. ದಿನವಿಡೀ ನಡೆದು, ಸೊಂಟ ನೋಯುತ್ತಾ, ಒದ್ದೆ ಬೂಟಿನಲ್ಲಿ ಬಾಗಿಲು ತೆರೆದು ಒಳಗೆ ಹೋದರೆ ಒಂದು ಪುಟ್ಟ ಅಂಗಡಿಯೇ ಇರುತ್ತದೆ: ಪಾಸ್ತಾ, ಅಕ್ಕಿ, ಓಟ್ಸ್, ಟೊಮೆಟೊ ಸೂಪು, ಡಬ್ಬಿಯಲ್ಲಿ ಬೀನ್ಸ್, ಗಟ್ಟಿ ರೊಟ್ಟಿಯಂಥ ಕ್ನೆಕ್ಕೆಬ್ರೋ, ಪ್ಯಾನ್‌ಕೇಕ್ ಪುಡಿ, ಕಾಫಿ, ಟೀ, ಚಾಕೊಲೇಟ್. ಬೆಲೆಪಟ್ಟಿ ಪಕ್ಕದಲ್ಲೇ ಇರುತ್ತದೆ. ಏನು ತೆಗೆದುಕೊಂಡೆವು, ಎಷ್ಟು ಜನ ಉಳಿದೆವು ಎಂದು ನಾವೇ ಬರೆದುಕೊಳ್ಳಬೇಕು, ನಾವೇ ಕೂಡಿಸಬೇಕು, ನಾವೇ ಕಟ್ಟಬೇಕು. ಮೊದಲೆಲ್ಲ ಒಂದು ಫಾರಂ ತುಂಬಿ ಗೋಡೆಯ ಕಬ್ಬಿಣದ ಪೆಟ್ಟಿಗೆಯೊಳಗೆ ಹಾಕುತ್ತಿದ್ದರು. ಈಗ ಆ್ಯಪ್ ಇದೆ. ಬೆಟ್ಟದ ಮೇಲೆ ನೆಟ್‌ವರ್ಕ್ ಇಲ್ಲದಿದ್ದರೆ ಕೆಳಗಿಳಿದ ಮೇಲೆ ಕಟ್ಟಿದರೂ ಸರಿ. ಕ್ಯಾಮೆರಾ ಇಲ್ಲ, ಕಾವಲುಗಾರ ಇಲ್ಲ, ಹೊರಡುವಾಗ ಬ್ಯಾಗ್ ನೋಡುವವರಿಲ್ಲ.

ಇದನ್ನು ಓದಿ "ಏನು ಮಹಾ" ಅನ್ನಿಸಬಹುದು. ಆದರೆ ಪರದೇಶದಲ್ಲಿ ಬದುಕುವವರಿಗೆ ಇದು ಹೇಗೆ ತಾಗುತ್ತದೆ ಅಂತ ಹೇಳಲೇಬೇಕು. ವೀಸಾ ನವೀಕರಣಕ್ಕೆ ಕಾಗದ, ಬ್ಯಾಂಕ್ ಖಾತೆಗೆ ಕಾಗದ, ಬಾಡಿಗೆ ಮನೆಗೆ ಕಾಗದ. ನೀನು ಯಾರು, ಎಲ್ಲಿಂದ ಬಂದೆ, ಎಷ್ಟು ದಿನ ಇರುತ್ತೀಯ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿರುತ್ತದೆ. ಅಂಥವರ ಕೈಗೆ ಯಾರೋ ಒಂದು ಕೀ ಕೊಟ್ಟು, ತುಂಬಿದ ಉಗ್ರಾಣ ಬಿಟ್ಟುಕೊಟ್ಟು, ಎಷ್ಟು ತಿಂದೆ ಅಂತ ನೀನೇ ಹೇಳು ಅನ್ನುತ್ತಾರಲ್ಲ, ಆಗ ಗಂಟಲು ಕಟ್ಟುತ್ತದೆ. ಯಾರೂ ನೋಡದ ಜಾಗದಲ್ಲಿ ಕೂತು ಒಂದು ಚಮಚ ಕಾಫಿಪುಡಿಗೂ ಲೆಕ್ಕ ಬರೆದಿದ್ದೇನೆ, ಸಂತೋಷದಿಂದ ಬರೆದಿದ್ದೇನೆ. ಎಲ್ಲರೂ ಹೀಗೆ ಮಾಡುತ್ತಾರೆ ಅಂತಲ್ಲ, ದುಡ್ಡು ಕಟ್ಟದೆ ಹೋಗುವವರೂ ಇದ್ದಾರೆ. ಆದರೂ ಇಷ್ಟು ದೊಡ್ಡ ಜಾಲ ಇವತ್ತಿಗೂ ಉಳಿದಿದೆ ಅಂದರೆ ಕಟ್ಟುವವರೇ ಜಾಸ್ತಿ ಅಂತ ತಾನೇ?

ಇನ್ನು ಕೆಲಸದ ವಿಷಯ. ಇಲ್ಲಿ ನೀವು ಗಿರಾಕಿಯಲ್ಲ, ಅದನ್ನು ಮೊದಲೇ ತಿಳಿದುಕೊಂಡು ಹೋಗಿ. ತೊರೆಯಿಂದ ಬಕೆಟ್‌ನಲ್ಲಿ ನೀರು ತರಬೇಕು. ಸೌದೆ ಒಡೆಯಬೇಕು. ಒಲೆ ಹಚ್ಚಬೇಕು. ಮುಸುರೆ ನೀರನ್ನು ಹೊರಗೆ ತೋರಿಸಿದ ಜಾಗಕ್ಕೇ ಸುರಿಯಬೇಕು. ಕಕ್ಕಸು ಹೊರಗಿರುತ್ತದೆ, ಮಳೆಯಿರಲಿ ಹಿಮವಿರಲಿ ಅಲ್ಲಿಗೇ ನಡೆಯಬೇಕು. ಬೆಳಗ್ಗೆ ಹೊರಡುವ ಮೊದಲು ಪಾತ್ರೆ ತೊಳೆದು ಒರೆಸಿಟ್ಟು, ನೆಲ ಗುಡಿಸಿ ಒರೆಸಿ, ಮುಂದೆ ಬರುವವರಿಗೆ ಸೌದೆ ತುಂಬಿಟ್ಟು, ಒಲೆಯ ಬೂದಿ ತೆಗೆದು, ಕಿಟಕಿ ಬಾಗಿಲು ಭದ್ರ ಮಾಡಿ ಹೋಗಬೇಕು. ಏನೇನು ಮಾಡಬೇಕು ಅಂತ ಗೋಡೆಯ ಮೇಲೆ ಬರೆದು ಹಾಕಿರುತ್ತಾರೆ. ನಿಮ್ಮ ಕಸವನ್ನೂ ನೀವೇ ಹೊತ್ತುಕೊಂಡು ಇಳಿಯಬೇಕು.

ದುಡ್ಡು ಜಾಸ್ತಿ ಕೊಟ್ಟರೆ ಈ ಕೆಲಸಗಳಿಂದ ಬಿಡುಗಡೆ ಸಿಗುತ್ತದೆಯೇ? ಇಲ್ಲ. ಅದೇ ನನಗೆ ಇಷ್ಟ. ಒಂದು ಸಲ ನನ್ನ ಪಕ್ಕದಲ್ಲಿ ಮಂಡಿಯೂರಿ ನೆಲ ಒರೆಸುತ್ತಿದ್ದವರು ಒಂದು ದೊಡ್ಡ ಆಸ್ಪತ್ರೆಯಲ್ಲಿ ಸರ್ಜನ್ ಅಂತ ಹೊರಡುವ ಹೊತ್ತಿಗೆ ಗೊತ್ತಾಯಿತು. ಅದನ್ನೂ ಅವರು ಹೇಳಿದ್ದಲ್ಲ, ಅವರ ಮಗಳು ಹೇಳಿದಳು. ನಾರ್ವೆಯಲ್ಲಿ ಸಮಾನತೆ ಅಂತ ಭಾಷಣದಲ್ಲಿ ಕೇಳುವುದು ಬೇರೆ, ಒಂದೇ ಬಕೆಟ್‌ಗೆ ಇಬ್ಬರೂ ಬಟ್ಟೆ ಅದ್ದಿ ಹಿಂಡುವುದು ಬೇರೆ. 1973ರ ತೈಲ ಬಿಕ್ಕಟ್ಟಿನ ಸಮಯದಲ್ಲಿ ವಾರಾಂತ್ಯಕ್ಕೆ ಕಾರು ಓಡಿಸಬಾರದು ಅಂದಾಗ ಇಲ್ಲಿನ ರಾಜ ಐದನೇ ಓಲಾವ್ ಸ್ಕೀ ಹಿಡಿದುಕೊಂಡು ಎಲ್ಲರ ಜೊತೆ ಟ್ರಾಮ್ ರೈಲು ಹತ್ತಿದ್ದ. ಆ ಫೋಟೊವನ್ನು ಇವರು ಇವತ್ತಿಗೂ ಪ್ರೀತಿಯಿಂದ ತೋರಿಸುತ್ತಾರೆ. ಯಾಕೆ ಅಷ್ಟು ಪ್ರೀತಿ ಅನ್ನುವುದು ಕ್ಯಾಬಿನ್‌ನಲ್ಲಿ ಉಳಿದ ಮೇಲೆ ನನಗೆ ಅರ್ಥವಾಯಿತು.

ಈಗ ಬೇಜಾರಿನ ವಿಷಯಕ್ಕೆ ಬರುತ್ತೇನೆ.

ಬೆಟ್ಟದ ದಾರಿಯಲ್ಲಿ ಎದುರಾದವರೆಲ್ಲ "ಹೈ" ಅನ್ನುತ್ತಾರೆ. ನಿಂತು ಮಾತಾಡುತ್ತಾರೆ. ಮುಂದೆ ಹೊಳೆಯಲ್ಲಿ ನೀರು ಎಷ್ಟಿದೆ, ಹಿಮ ಕರಗಿದೆಯೇ, ಯಾವ ಕಡೆಯಿಂದ ದಾಟಬೇಕು ಅಂತ ತಾವಾಗಿಯೇ ಹೇಳುತ್ತಾರೆ. ಸಿಬ್ಬಂದಿ ಇರುವ ಕ್ಯಾಬಿನ್‌ಗಳಲ್ಲಿ ರಾತ್ರಿ ಊಟ ನಿಗದಿತ ಹೊತ್ತಿಗೆ, ಉದ್ದನೆ ಮೇಜಿಗೆ ಗುರುತಿಲ್ಲದವರ ಜೊತೆ ಕೂರಿಸುತ್ತಾರೆ. ಸೂಪಿನ ಪಾತ್ರೆ ಕೈಯಿಂದ ಕೈಗೆ ದಾಟುತ್ತಾ ಮಾತು ತಾನಾಗಿ ಹುಟ್ಟುತ್ತದೆ. ಅಂಥ ಒಂದು ಮೇಜಿನಲ್ಲಿ ಒಬ್ಬ ಹೆಂಗಸು ನನ್ನ ಜೊತೆ ಎರಡು ಗಂಟೆ ಮಾತಾಡಿದರು. ತಮ್ಮ ತಾಯಿಯ ಕೊನೆಯ ದಿನಗಳು, ಬಿಟ್ಟುಬಂದ ಕೆಲಸ, ಏನೇನೋ. ಕೆಲವು ವಾರಗಳ ಮೇಲೆ ಓಸ್ಲೋದ ಮೆಟ್ರೋದಲ್ಲಿ ಅವರೇ ಎದುರಿಗೆ ಕೂತರು. ಗುರುತು ಹಿಡಿದರು, ತಲೆಯಾಡಿಸಿದರು, ನಕ್ಕರು, ಮತ್ತೆ ಫೋನ್ ನೋಡಿದರು. ಅಷ್ಟೇ. ನನಗೆ ಮೂರು ಸ್ಟೇಷನ್ ದಾಟುವವರೆಗೂ ಎದೆ ಭಾರವಾಗಿತ್ತು. ಅವರು ಕೆಟ್ಟವರಲ್ಲ, ಆ ಎರಡು ಗಂಟೆಯ ಮಾತು ಸುಳ್ಳೂ ಅಲ್ಲ. ಊರಿಗೆ ಇಳಿದ ಮೇಲೆ ಆ ಸಲಿಗೆ ನಡೆಯುವುದಿಲ್ಲ, ಇವರ ಲೆಕ್ಕದಲ್ಲಿ ಅದು ಬೆಟ್ಟಕ್ಕೆ ಸೇರಿದ್ದು.

ನಾನಿರುವ ಕಟ್ಟಡದಲ್ಲೂ ಹೀಗೇ. ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳ ಕೇಳಿದರೆ ಅದು ದಾಟಿ ಹೋಗುವವರೆಗೆ ಬಾಗಿಲು ತೆಗೆಯದವರಿದ್ದಾರೆ. ಬಸ್ಸಿನಲ್ಲಿ ಎರಡು ಸೀಟಿನ ಬೆಂಚಿನಲ್ಲಿ ಒಬ್ಬರು ಕೂತಿದ್ದರೆ ಪಕ್ಕದಲ್ಲಿ ಕೂರುವ ಬದಲು ನಿಂತೇ ಹೋಗುತ್ತಾರೆ. ಆದರೆ ಅದೇ ಜನ ವಸಂತಕಾಲದ ದುಗ್ನಾದ್ ದಿನ, ಅಂದರೆ ಎಲ್ಲರೂ ಸೇರಿ ಅಂಗಳ ಸ್ವಚ್ಛ ಮಾಡುವ ದಿನ, ಕೈಗವಸು ಹಾಕಿಕೊಂಡು ಬಂದು, ಎಲೆ ಗುಡಿಸುತ್ತಾ, ಬೇಲಿಗೆ ಬಣ್ಣ ಹೊಡೆಯುತ್ತಾ ಮಕ್ಕಳು, ಮದುವೆ, ಮಂಡಿನೋವು ಎಲ್ಲ ಮಾತಾಡುತ್ತಾರೆ. ದೋಸೆಕಾವಲಿಯಂಥ ಅಚ್ಚಿನಲ್ಲಿ ವಾಫಲ್ ಮಾಡಿ ಕೊಡುತ್ತಾರೆ. ಮರುದಿನ ಮತ್ತೆ ಅದೇ ಮೌನ. ಬೆಟ್ಟದ ಕ್ಯಾಬಿನ್‌ನಲ್ಲಿ ಒಬ್ಬ ವಯಸ್ಸಾದವರು ನನ್ನನ್ನು ನೋಡಿದ ತಕ್ಷಣ ಕೇಳಿದ್ದು ಹೆಸರಲ್ಲ, ಊರಲ್ಲ. "ನೀರು ತರ್ತೀರಾ, ಸೌದೆ ಒಡೀತೀರಾ?" ಅಂತ. ನೀರು ತಂದೆ. ಆಮೇಲೆ ರಾತ್ರಿಯೆಲ್ಲ ಮಾತಾಡಿದರು. ನನಗೆ ಈಗ ಅನ್ನಿಸುವುದು ಇಷ್ಟು: ಇವರಿಗೆ ಸುಮ್ನೆ ಎದುರುಬದುರು ಕೂತು ಮಾತಾಡೋದು ಕಷ್ಟ, ಕೈಯಲ್ಲಿ ಒಂದು ಕೆಲಸ ಇರಬೇಕು, ಅಥವಾ ಒಟ್ಟಿಗೆ ಒಂದು ದಾರಿ ಸವೆಸಿರಬೇಕು. ಇದು ತಿಳಿದ ಮೇಲೆ ನನ್ನ ಜೀವನ ಸುಲಭವಾಯಿತು. ಆದರೆ ನೋವು ಹೋಗಲಿಲ್ಲ, ಯಾಕೆಂದರೆ ಮನುಷ್ಯನಿಗೆ ಕೆಲಸವಿಲ್ಲದ ಸಂಜೆಗಳೂ ಇರುತ್ತವೆ ಅಲ್ವಾ.

ಒಂದು ಚಳಿಗಾಲದಲ್ಲಿ ಹತ್ತಿರದ ಸಂಬಂಧಿಯೊಬ್ಬರು ತೀರಿಕೊಂಡರು, ನನಗೆ ಊರಿಗೆ ಹೋಗಲಾಗಲಿಲ್ಲ. ಆಫೀಸಿಗೆ ಒಂದು ಸಾಲು ಬರೆದೆ, ಆರೋಗ್ಯ ಸರಿಯಿಲ್ಲ, ಬರಲಾಗುವುದಿಲ್ಲ ಅಂತ. ಇಲ್ಲಿ ಸಾಮಾನ್ಯವಾಗಿ ಮೂರು ದಿನದವರೆಗೆ ಡಾಕ್ಟರ್ ಚೀಟಿಯೇ ಬೇಡ, ನಮ್ಮ ಮಾತೇ ಸಾಕು. ರಜೆ ತಕ್ಷಣ ಸಿಕ್ಕಿತು. ಒಂದು ಪ್ರಶ್ನೆ ಇಲ್ಲ, ಒಂದು ಅನುಮಾನ ಇಲ್ಲ. ಆಮೇಲೆ ಆಫೀಸಿಗೆ ವಾಪಸ್ ಹೋದೆ. ಆಗಲೂ ಒಂದು ಪ್ರಶ್ನೆ ಇಲ್ಲ. ಏನಾಗಿತ್ತು, ಈಗ ಹೇಗಿದ್ದೀಯ ಅಂತ ಒಬ್ಬರೂ ಕೇಳಲಿಲ್ಲ. ಮಧ್ಯಾಹ್ನ ಹನ್ನೊಂದೂವರೆಗೆ ಎಲ್ಲರೂ ತಮ್ಮ ತಮ್ಮ ಬ್ರೆಡ್ ಪೊಟ್ಟಣ ಬಿಚ್ಚಿ ಸ್ಕೀ ಹಾದಿಯ ಬಗ್ಗೆ ಮಾತಾಡಿದರು. ಅವರ ದೃಷ್ಟಿಯಲ್ಲಿ ಅದು ಗೌರವ: ನಿನ್ನ ಸ್ವಂತ ವಿಷಯ, ನೀನಾಗಿ ಹೇಳಿದರೆ ಕೇಳುತ್ತೇವೆ, ನಾವಾಗಿ ಕೆದಕುವುದಿಲ್ಲ. ಬುದ್ಧಿಗೆ ಅದು ಅರ್ಥವಾಗುತ್ತದೆ. ಆದರೆ ಆ ವಾರ ನನಗೆ ಬೇಕಾಗಿದ್ದು ಗೌರವವಲ್ಲ. ಕೀ ಕೊಟ್ಟು ಉಗ್ರಾಣ ಬಿಟ್ಟುಕೊಡುವ ನಂಬಿಕೆ ಮತ್ತು ಏನಾಯಿತು ಅಂತ ಕೇಳದ ಮೌನ, ಇವೆರಡೂ ಒಂದೇ ಬೇರಿನಿಂದ ಬಂದಿವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಿ ಅಂತ ಇವರಿಗೆ ಹೇಳೋಕೆ ಆಗುತ್ತದೆಯೇ, ಗೊತ್ತಿಲ್ಲ. ಹೇಳುವ ಆಸೆಯಂತೂ ಇದೆ.

ಈ ನಂಬಿಕೆ ಕುರುಡು ನಂಬಿಕೆಯೇನೂ ಅಲ್ಲ. ಇಲ್ಲಿ ಯಾರ ಆದಾಯ ಎಷ್ಟು, ಯಾರು ಎಷ್ಟು ತೆರಿಗೆ ಕಟ್ಟಿದರು ಎಂಬ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. 2014ರಿಂದ ಒಂದು ನಿಯಮ ಬಂತು: ನೀವು ಯಾರದ್ದು ನೋಡಿದಿರಿ ಎಂದು ಅವರಿಗೂ ಕಾಣುತ್ತದೆ. ಎಲ್ಲವೂ ಬೆಳಕಿನಲ್ಲೇ ಇರಲಿ, ನೋಡುವವನೂ ಬೆಳಕಿನಲ್ಲೇ ಇರಲಿ. ಕ್ಯಾಬಿನ್‌ಗಳ ದಾಖಲೆ ಪುಸ್ತಕವೂ ಹಾಗೇ. ಎಲ್ಲಿಂದ ಬಂದಿರಿ, ಮುಂದೆ ಎಲ್ಲಿಗೆ ಹೋಗುತ್ತೀರಿ ಎಂದು ಬರೆಯಬೇಕು. ದಾರಿ ತಪ್ಪಿದರೆ ಹುಡುಕುವವರಿಗೆ ಅದೇ ಮೊದಲ ಸುಳಿವು.

ಹುಡುಕುವ ವಿಷಯ ಬಂತು ಅಂತ ಹೇಳುತ್ತೇನೆ, ಇವರ ಬೆಟ್ಟದ ನಿಯಮಗಳು ನನಗೆ ತುಂಬ ಇಷ್ಟ. 1967ರ ಈಸ್ಟರ್ ರಜೆಯಲ್ಲಿ ಬೆಟ್ಟಗಳಲ್ಲಿ 18 ಜನ ಸತ್ತರು. ಅದಾದ ಮೇಲೆ ರೆಡ್ ಕ್ರಾಸ್ ಮತ್ತು ಡಿಎನ್‌ಟಿ ಸೇರಿ ಈ ನಿಯಮಗಳನ್ನು ಮನೆಮನೆಗೆ ಮುಟ್ಟಿಸಿದವು. 2016ರಲ್ಲಿ ಹೊಸದಾಗಿ ತಿದ್ದಿದರು. ಒಟ್ಟು ಒಂಬತ್ತು. ಈಸ್ಟರ್‌ಗೆ ಎಲ್ಲರೂ ಜೇಬಿನಲ್ಲಿಟ್ಟುಕೊಳ್ಳುವ ಕ್ವಿಕ್ ಲುನ್ಶ್ ಚಾಕೊಲೇಟಿನ ಹೊದಿಕೆಯ ಒಳಗೂ ಅಚ್ಚು ಹಾಕಿರುತ್ತಾರೆ. ಎಂಟನೆಯ ನಿಯಮ ಹೇಳುತ್ತದೆ, ಹೊತ್ತು ಮೀರುವ ಮೊದಲೇ ತಿರುಗಿ ಬನ್ನಿ, ತಿರುಗಿ ಬರುವುದರಲ್ಲಿ ನಾಚಿಕೆಯಿಲ್ಲ. ಇದನ್ನು ಬರೀ ಬಾಯಲ್ಲಿ ಹೇಳುವುದಿಲ್ಲ, ಹಾಗೇ ನಡೆದುಕೊಳ್ಳುತ್ತಾರೆ. ಗಾಳಿ ಜೋರಾಯಿತು ಅಂತ ಮುಕ್ಕಾಲು ದಾರಿಯಿಂದ ವಾಪಸ್ ಬಂದವರನ್ನು ಕ್ಯಾಬಿನ್‌ನಲ್ಲಿ ಯಾರೂ ಹಂಗಿಸುವುದಿಲ್ಲ, ಒಳ್ಳೆ ಕೆಲಸ ಮಾಡಿದಿರಿ ಅನ್ನುತ್ತಾರೆ. ಕಷ್ಟಕ್ಕೆ ಸಿಕ್ಕಿಕೊಂಡು ಸಹಾಯ ಕೇಳಿದರೆ ರಕ್ಷಣಾ ತಂಡ ಬಂದು ಕರೆದೊಯ್ಯುತ್ತದೆ, ಅದಕ್ಕೆ ಬಿಲ್ ಹಾಕುವುದಿಲ್ಲ. ಆ ತಂಡದಲ್ಲೂ ಹೆಚ್ಚಿನವರು ಸ್ವಯಂಸೇವಕರೇ. ಮುಂದೆ ಹೋಗಲೇಬೇಕು, ಗೆಲ್ಲಲೇಬೇಕು ಅಂತ ತಲೆಗೆ ತುಂಬಿಸಿಕೊಂಡು ಬೆಳೆದ ನನಗೆ ಇದು ದೊಡ್ಡ ಪಾಠ.

ಇನ್ನೊಂದು ಹೇಳಲೇಬೇಕಾದದ್ದು ಓಡಾಡುವ ಹಕ್ಕು. 1957ರ ಕಾನೂನಿನ ಪ್ರಕಾರ ಸಾಗುವಳಿ ಇಲ್ಲದ ಜಾಗದಲ್ಲಿ, ಅದು ಯಾರದೇ ಹೆಸರಿನಲ್ಲಿರಲಿ, ಯಾರು ಬೇಕಾದರೂ ನಡೆಯಬಹುದು. ಜನ ವಾಸ ಇರುವ ಮನೆಯಿಂದ 150 ಮೀಟರ್ ದೂರವಿದ್ದರೆ ಟೆಂಟ್ ಹಾಕಬಹುದು. ಕಾಡಿನಲ್ಲಿ ಬೆಂಕಿ ಹಚ್ಚುವುದಕ್ಕೆ ಮಾತ್ರ ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ನಿರ್ಬಂಧ ಇದೆ. ಹಾಗಾಗಿ ಕ್ಯಾಬಿನ್ ದುಬಾರಿ ಅನ್ನಿಸಿದವರಿಗೆ ಟೆಂಟ್ ಇದ್ದೇ ಇದೆ.

ದುಬಾರಿ ಅನ್ನುವುದು ನಿಜ. ಸದಸ್ಯರಾಗದೆ ಹೋದರೆ ಪ್ರತಿ ರಾತ್ರಿಗೂ ಸಾಕಷ್ಟು ಹೆಚ್ಚು ಕೊಡಬೇಕು, ಎರಡು ಮೂರು ರಾತ್ರಿ ಉಳಿಯುವವರು ಸದಸ್ಯರಾಗುವುದೇ ವಾಸಿ. ಸಿಬ್ಬಂದಿ ಇರುವ ಕಡೆ ರಾತ್ರಿ ಊಟಕ್ಕೆ ಬೆಲೆ ಜೋರಾಗಿಯೇ ಇದೆ. ಆದರೆ ಸೂಪು, ಮುಖ್ಯ ಊಟ, ಸಿಹಿ ಎಲ್ಲ ಹೊಟ್ಟೆ ತುಂಬ ಬಡಿಸುತ್ತಾರೆ. ಬೆಳಗ್ಗೆ ತಿಂಡಿಯ ಮೇಜಿನಿಂದಲೇ ದಾರಿಗೆ ಬುತ್ತಿ ಕಟ್ಟಿಕೊಳ್ಳಬಹುದು, ಥರ್ಮಸ್ ತುಂಬಿಸಿಕೊಳ್ಳಬಹುದು. ಸಸ್ಯಾಹಾರಿಗಳು ಮೊದಲೇ ತಿಳಿಸಿದರೆ ಬೇರೆ ಮಾಡಿಕೊಡುತ್ತಾರೆ. ಉಗ್ರಾಣದ ಕ್ಯಾಬಿನ್‌ಗಳಲ್ಲಿ ಸಸ್ಯಾಹಾರಿಗಳಿಗೆ ಪಾಸ್ತಾ, ಬೀನ್ಸ್, ಓಟ್ಸ್‌ನಲ್ಲಿ ದಿನ ದೂಡಬಹುದು, ರುಚಿಯ ಆಸೆ ಇಟ್ಟುಕೊಳ್ಳಬೇಡಿ. ಒಂದು ಪುಟ್ಟ ಡಬ್ಬಿಯಲ್ಲಿ ಉಪ್ಪು ಖಾರ ಜೀರಿಗೆ ಒಯ್ಯುವುದು ನನ್ನ ಅಭ್ಯಾಸ.

ಬಟ್ಟೆಬರೆ ಇನ್ನೊಂದು ಖರ್ಚು. ಕೆಟ್ಟ ಹವೆ ಅಂತ ಇಲ್ಲ, ಕೆಟ್ಟ ಬಟ್ಟೆ ಇದೆ ಅಷ್ಟೇ ಅಂತ ಇಲ್ಲಿ ಮಾತಿದೆ. ಒಳ್ಳೆ ಬಟ್ಟೆ ಯಾರಿಗೆ ಕೈಗೆಟುಕುತ್ತದೆ ಅನ್ನುವುದನ್ನು ಆ ಮಾತು ಹೇಳುವುದಿಲ್ಲ. ಉಣ್ಣೆಯ ಒಳಉಡುಪು, ಗಾಳಿ ಮಳೆ ತಡೆಯುವ ಜಾಕೆಟ್, ಬೂಟು ಎಲ್ಲ ಸೇರಿದರೆ ಹೊಸದಾಗಿ ಬಂದವರಿಗೆ ಎದೆ ಧಸಕ್ಕೆನ್ನುತ್ತದೆ. ಬೂಆ ಎಂಬ ವ್ಯವಸ್ಥೆ ಇದೆ, ಸ್ಕೀ, ಟೆಂಟ್, ಬ್ಯಾಗ್ ಇವೆಲ್ಲ ಉಚಿತವಾಗಿ ಎರವಲು ಕೊಡುತ್ತಾರೆ, ಅನೇಕ ಊರುಗಳಲ್ಲಿದೆ. ಇದು ಗೊತ್ತಿಲ್ಲದೆ ಬಹಳ ಜನ ಸಾಲ ಮಾಡಿ ಕೊಳ್ಳುತ್ತಾರೆ, ದಯವಿಟ್ಟು ಮೊದಲು ಅಲ್ಲಿಗೆ ಹೋಗಿ. ನಾನು ಉಳಿದ ಕ್ಯಾಬಿನ್‌ಗಳಲ್ಲಿ ವಲಸೆ ಬಂದವರು ಕಾಣುವುದು ತೀರ ಅಪರೂಪ. ಯಾರೂ ಬರಬೇಡಿ ಅಂದಿಲ್ಲ. ಆದರೆ ಮೂರು ವರ್ಷದಿಂದಲೇ ಸ್ಕೀ ಕಲಿತವರ ನಡುವೆ ಹೋಗಿ ನಿಲ್ಲೋಕೆ ಧೈರ್ಯ ಬೇಕು, ಮತ್ತು ಬಾ ಅಂತ ಕೈಹಿಡಿದು ಕರೆಯುವ ಒಬ್ಬರಾದರೂ ಬೇಕು. ಕರೆಯುವುದು ಇವರಿಗೆ ಬರುವುದಿಲ್ಲ ಅನ್ನುವುದೇ ನನ್ನ ದೂರು.

ಇದಕ್ಕಿಂತ ದೊಡ್ಡ ದೂರೂ ಇದೆ. ಕ್ಯಾಬಿನ್‌ನಲ್ಲಿ ಒಂದು ಪ್ಲಾಸ್ಟಿಕ್ ಚೂರು ಬಿಟ್ಟುಬರಬಾರದು ಎನ್ನುವ ಈ ದೇಶದ ಸಿರಿ ಬಂದಿರುವುದು 1969ರಲ್ಲಿ ಉತ್ತರ ಸಮುದ್ರದ ಎಕೊಫಿಸ್ಕ್ ಎಂಬಲ್ಲಿ ಸಿಕ್ಕ ತೈಲದಿಂದ. ದುಡ್ಡನ್ನು ಪೋಲು ಮಾಡದೆ ಮುಂದಿನವರಿಗೆಂದು ನಿಧಿ ಕಟ್ಟಿದರು, 1996ರಲ್ಲಿ ಮೊದಲ ಕಂತು ಹಾಕಿದರು, ಇವತ್ತು ಅದು ಜಗತ್ತಿನ ಅತಿ ದೊಡ್ಡ ನಿಧಿಗಳಲ್ಲಿ ಒಂದು. ಅದಕ್ಕೆ ಮೆಚ್ಚಲೇಬೇಕು. 2024ರಲ್ಲಿ ಇಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತರಲ್ಲಿ ಒಂಬತ್ತರ ಹತ್ತಿರ ಎಲೆಕ್ಟ್ರಿಕ್. ಅದಕ್ಕೂ ಮೆಚ್ಚಬೇಕು. ಆದರೆ ತೈಲ ಮತ್ತು ಅನಿಲ ತೆಗೆದು ಹೊರಗೆ ಮಾರುವುದು ನಿಂತಿಲ್ಲ. ಖಾಸಗಿ ರಜಾ ಮನೆಗಳೇ ದೇಶದಲ್ಲಿ 4 ಲಕ್ಷಕ್ಕೂ ಹೆಚ್ಚಿವೆ, ಬೆಟ್ಟದ ಮೇಲೆ ಬೀದಿ ಬೀದಿಯಾಗಿ ಹೊಸದಾಗಿ ಕಟ್ಟುತ್ತಲೇ ಇದ್ದಾರೆ. ಕಾಡು ಹಿಮಸಾರಂಗ 2021ರಲ್ಲಿ ದೇಶದ ಅಪಾಯದ ಪಟ್ಟಿಗೆ ಸೇರಿತು, ಅದರ ಓಡಾಟದ ದಾರಿಗಳನ್ನು ರಸ್ತೆ, ಅಣೆಕಟ್ಟು, ರಜಾ ಮನೆ ಎಲ್ಲ ಸೇರಿ ಕತ್ತರಿಸಿವೆ. ನಾವು ಚಾರಣಿಗರೂ ಅದಕ್ಕೆ ತೊಂದರೆಯೇ. ಸಾರಂಗಗಳಿಗಾಗಿ ಒಂದು ದಾರಿ ಮುಚ್ಚಿದರೆ, ಒಂದು ಕ್ಯಾಬಿನ್ ಜಾಗ ಬದಲಿಸಿದರೆ ಗೊಣಗಬಾರದು ಅಂತ ನನ್ನ ಅಭಿಪ್ರಾಯ.

ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ವಿಷಯದಲ್ಲಂತೂ ನನಗೆ ಸಿಟ್ಟೇ ಬರುತ್ತದೆ. ಫೋಸೆನ್‌ನಲ್ಲಿ ಸಾಮಿ ಜನ ಹಿಮಸಾರಂಗ ಮೇಯಿಸುವ ಜಾಗದಲ್ಲಿ 151 ಗಾಳಿಯಂತ್ರ ನಿಲ್ಲಿಸಿದರು. ಇದು ಅವರ ಹಕ್ಕಿಗೆ ಧಕ್ಕೆ ಅಂತ 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೇ ಒಮ್ಮತದಿಂದ ಹೇಳಿತು. ಆಮೇಲೂ ಯಂತ್ರಗಳು ತಿರುಗುತ್ತಲೇ ಇದ್ದವು. 2023ರಲ್ಲಿ ಸಾಮಿ ಯುವಕ ಯುವತಿಯರು ಓಸ್ಲೋದಲ್ಲಿ ಸಚಿವಾಲಯದ ಒಳಗೇ ಕೂತು ಪ್ರತಿಭಟಿಸಿದ ಮೇಲೆ ಸರಕಾರ ಕ್ಷಮೆ ಕೇಳಿತು. ಒಪ್ಪಂದಗಳು ಆದದ್ದು ಅದೇ ವರ್ಷದ ಕೊನೆಗೆ ಮತ್ತು 2024ರಲ್ಲಿ, ಯಂತ್ರಗಳು ಈಗಲೂ ಅಲ್ಲೇ ಇವೆ. ಒಂದು ಚಮಚ ಕಾಫಿಪುಡಿಗೆ ಲೆಕ್ಕ ಬರೆಯುವ ದೇಶದಲ್ಲಿ ಇದು ಹೇಗೆ ಸಾಧ್ಯವಾಯಿತು ಅಂತ ತುಂಬ ಯೋಚಿಸಿದ್ದೇನೆ. ನನಗೆ ತೋಚುವ ಕಾರಣ: ಇವರಿಗೆ ತಮ್ಮ ವ್ಯವಸ್ಥೆ ಒಳ್ಳೆಯದು ಅನ್ನುವ ನಂಬಿಕೆ ಎಷ್ಟು ಗಟ್ಟಿ ಅಂದರೆ, ಅದು ತಪ್ಪು ಮಾಡಿದಾಗ ಕಾಣುವುದು ತಡ, ಒಪ್ಪಿಕೊಳ್ಳುವುದು ಇನ್ನೂ ತಡ. 2019ರಲ್ಲಿ ಹೊರಬಿದ್ದ ನಾವ್ ಹಗರಣವೂ ಹಾಗೇ. ಅಲ್ಲಿ ಸರಕಾರದ ಭತ್ಯೆ ಇಲಾಖೆ ಯುರೋಪಿನ ನಿಯಮವನ್ನು ವರ್ಷಗಟ್ಟಲೆ ತಪ್ಪಾಗಿ ಓದಿ ನಿರಪರಾಧಿಗಳನ್ನು ಮೋಸಗಾರರು ಅಂತ ಮಾಡಿತ್ತು, ಕೆಲವರು ಜೈಲಿಗೂ ಹೋದರು. ಅಧಿಕಾರಿಗಳು, ವಕೀಲರು, ನ್ಯಾಯಾಧೀಶರು ಯಾರಿಗೂ ಅನುಮಾನ ಬರಲಿಲ್ಲ. ಬಂದರೂ ಕೇಳಲಿಲ್ಲವೋ ಏನೋ.

ಇಷ್ಟೆಲ್ಲ ಹೇಳಿದ ಮೇಲೂ ಕ್ಯಾಬಿನ್‌ಗಳಿಗೆ ನಾಲ್ಕೂವರೆ ಯಾಕೆ? ನಾರ್ವೆಯ ಒಳ್ಳೆಯದು ಅಲ್ಲಿ ಕೈಗೆ ಸಿಗುತ್ತದೆ, ಒಣ ಮೌನ ಅಲ್ಲಿ ಸ್ವಲ್ಪ ಕರಗುತ್ತದೆ. ಹೊಸದಾಗಿ ಬಂದು ಯಾರೂ ಮಾತಾಡಿಸುತ್ತಿಲ್ಲ ಅಂತ ಕೊರಗುವವರಿಗೆ ನಾನು ಭಾಷಾ ಕ್ಲಾಸಿಗಿಂತ ಮೊದಲು ಇದನ್ನೇ ಹೇಳುವುದು. ಬೆಟ್ಟ ಹತ್ತಲು ಆಗದವರು ಸಂಘದ ಸ್ಥಳೀಯ ಶಾಖೆಯ ದುಗ್ನಾದ್‌ಗೆ ಹೋಗಿ, ಸೌದೆ ಜೋಡಿಸಿ, ಬಣ್ಣ ಬಳಿಯಿರಿ. ಮಾತು ಅಲ್ಲಿ ಸಿಗುತ್ತದೆ.

ಅರ್ಧ ಅಂಕ ಕಳೆದದ್ದು ಬುಕಿಂಗ್‌ಗೆ. 2020ರಲ್ಲಿ ಕೊರೊನಾ ಬಂದಾಗ ಹಾಸಿಗೆ ಮೊದಲೇ ಕಾಯ್ದಿರಿಸುವ ಪದ್ಧತಿ ಬಂತು, ಅದು ಉಳಿದುಕೊಂಡಿತು. ಮಕ್ಕಳಿರುವವರಿಗೆ ಒಳ್ಳೆಯದೇ, ಒಪ್ಪುತ್ತೇನೆ. ಆದರೆ ಬುಕ್ ಮಾಡಿ ಬಾರದವರಿಂದ ಹಾಸಿಗೆ ಖಾಲಿ ಉಳಿಯುತ್ತದೆ. ಹವೆ ಕೆಟ್ಟಿದ್ದರೂ ಬುಕ್ ಮಾಡಿದ್ದೇವಲ್ಲ ಅಂತ ಹೊರಡುವವರಿದ್ದಾರೆ, ಎಂಟನೆಯ ನಿಯಮಕ್ಕೆ ಇದು ಸರಿಯಾಗಿ ಎದುರು. ನಡೆದು ಬಂದವರನ್ನು ವಾಪಸ್ ಕಳಿಸುವುದಿಲ್ಲ, ನೆಲದ ಮೇಲಾದರೂ ಹಾಸಿಗೆ ಹಾಕುತ್ತಾರೆ ಎಂಬ ಹಳೆಯ ನಡವಳಿಕೆ ಇನ್ನೂ ಇದೆ, ಅದನ್ನು ಮಾತ್ರ ಕೈಬಿಡದಿರಲಿ.

ಮೊದಲ ಸಲ ಹೋಗುವವರಿಗೆ ಫಿನ್ಸೆ ಒಳ್ಳೆಯದು. ಓಸ್ಲೋದಿಂದ ಬರ್ಗನ್ ರೈಲಿನಲ್ಲಿ ನಾಲ್ಕೂವರೆ ಗಂಟೆಯ ಆಸುಪಾಸು, 1,222 ಮೀಟರ್ ಎತ್ತರದಲ್ಲಿದೆ, ಕಾರಿನ ರಸ್ತೆಯೇ ಇಲ್ಲ. ಸ್ಟೇಷನ್ನಿನಿಂದ ಸ್ವಲ್ಪವೇ ನಡೆದರೆ ಸಿಬ್ಬಂದಿ ಇರುವ ದೊಡ್ಡ ಕ್ಯಾಬಿನ್ ಸಿಗುತ್ತದೆ, ಅಲ್ಲಿಂದ ದಕ್ಷಿಣಕ್ಕೆ ಹಾರ್ದಂಗರ್‌ವಿದ್ದಾ ಎಂಬ ಪ್ರಸ್ಥಭೂಮಿಯ ಕಡೆಗೆ, ಉತ್ತರಕ್ಕೆ ಔರ್ಲಾನ್ ಕಣಿವೆಯ ಕಡೆಗೆ ದಾರಿಗಳಿವೆ. ಜುಲೈ ಮಧ್ಯದ ಮೊದಲು ಅಲ್ಲಿ ಹಿಮ ಇರುತ್ತದೆ, ಆಗಸ್ಟ್ ಉತ್ತಮ. ಹಾಸಿಗೆಗೆ ಒಳಚೀಲದಂಥ ಹೊದಿಕೆ ನಿಮ್ಮದೇ ಬೇಕು. ಕೀಯನ್ನು ಓಸ್ಲೋದಲ್ಲೇ ತೆಗೆದುಕೊಳ್ಳಿ. ನಕ್ಷೆ ಕಾಗದದ್ದೂ ಇರಲಿ, ಚಳಿಗೆ ಫೋನ್ ಬೇಗ ಸಾಯುತ್ತದೆ. ಹವೆಯನ್ನು ಹೊರಡುವ ದಿನ ಬೆಳಗ್ಗೆ ಮತ್ತೆ ನೋಡಿ. ಮತ್ತೆ ಒಳಗೆ ಹೋದ ತಕ್ಷಣ ಯಾರಾದರೂ ಮಾತಾಡಿಸಲಿ ಅಂತ ಕಾಯಬೇಡಿ, ಖಾಲಿ ಬಕೆಟ್ ಎಲ್ಲಿದೆ ಅಂತ ಕೇಳಿ.